ಆಟದ ನೆವದಲ್ಲಿ ಇಂಗ್ಲಿಷ್ ಮಾತು



ಕಡಬ ತಾಲೂಕಿನ ಯಾವುದಾದರೊಂದು ಸರಕಾರಿ ಶಾಲೆಯ ಅಂಗಳದಲ್ಲಿ ಬಿಸಿಯೂಟದ ಹೊತ್ತಿಗೆ ಸುಮ್ಮನೆ ನಿಂತು ಕಿವಿಗೊಡಿ. ಬಟ್ಟಲು ತೊಳೆಯುವ ನಳ್ಳಿಯ ಹತ್ತಿರ ತುಳು, ಜಗಲಿಯ ಮೇಲೆ ಅರೆಭಾಷೆ, ಮರದ ಬುಡದಲ್ಲಿ ಬ್ಯಾರಿ. ನೆಲ್ಯಾಡಿ ಕಡೆಯ ಮಕ್ಕಳಾದರೆ ಮಲೆಯಾಳವೂ ಬಂತು. ರಬ್ಬರ್ ತೋಟದ ಕಾಲೊನಿಗಳ ಮಕ್ಕಳ ಬಾಯಲ್ಲಿ ತಮಿಳು. 1964ರ ಭಾರತ–ಸಿಲೋನ್ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಪುತ್ತೂರು, ಸುಳ್ಯ ಕಡೆಯ ರಬ್ಬರ್ ತೋಟಗಳಲ್ಲಿ ನೆಲೆನಿಂತ ಕುಟುಂಬಗಳ ಮೊಮ್ಮಕ್ಕಳು ಅವರು. ಹವ್ಯಕರ ಮನೆಯ ಕನ್ನಡ ಬೇರೆ, ಕೊಂಕಣಿ ಬೇರೆ, ಮರಾಠಿ ಬೇರೆ. ಇಷ್ಟೆಲ್ಲ ಮಾತಿನ ಮಕ್ಕಳು ಒಟ್ಟು ಸೇರಿ ಕಬಡ್ಡಿ ಆಡುವಾಗ ಯಾರಿಗೂ ಭಾಷೆಯ ತೊಂದರೆ ಆಗುವುದಿಲ್ಲ. ಹತ್ತು ವರ್ಷದ ಮಗು ಮೂರು ಭಾಷೆಗಳ ನಡುವೆ ಸಲೀಸಾಗಿ ಓಡಾಡುತ್ತದೆ. ಅದನ್ನು ಯಾವ ಟೀಚರೂ ಕಲಿಸಿದ್ದಲ್ಲ.

ಅದೇ ಮಗು ಇಂಗ್ಲಿಷ್ ಪೀರಿಯಡ್‌ನಲ್ಲಿ ಬಾಯಿ ಬಿಡುವುದಿಲ್ಲ. ಪ್ರಶ್ನೆ ಕೇಳಿದ ಕೂಡಲೇ ತಲೆ ತಗ್ಗುತ್ತದೆ, ಕಣ್ಣು ಪುಸ್ತಕದೊಳಗೆ ಹೋಗುತ್ತದೆ. ಮುಂದಿನ ಬೆಂಚಿನಲ್ಲಿ ಮೂರ್ನಾಲ್ಕು ಕೈ ಮೇಲೇಳುತ್ತವೆ. ನಿನ್ನೆ ಎದ್ದದ್ದೂ ಅವೇ ಕೈ, ನಾಳೆ ಏಳುವುದೂ ಅವೇ. ಟೀಚರಿಗೆ ಉತ್ತರ ಸಿಕ್ಕಿತು, ಪಾಠ ಮುಂದೆ ಹೋಯಿತು. ಉಳಿದವರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದು ಪರೀಕ್ಷೆಯ ದಿನದ ತನಕ ಯಾರಿಗೂ ತಿಳಿಯುವುದಿಲ್ಲ.

ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಶುರುವಾಯಿತು. ಅಂದರೆ ಹೈಸ್ಕೂಲಿಗೆ ಬರುವ ಮಗು ಏಳು ವರ್ಷ ಇಂಗ್ಲಿಷ್ ಓದಿಕೊಂಡೇ ಬಂದಿರುತ್ತದೆ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯ 2022ರ ವರದಿ ಹೇಳುವಂತೆ, ಎಂಟನೆಯ ತರಗತಿಯ ಮಕ್ಕಳಲ್ಲಿ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇಕಡ 46.7. 2016ರಲ್ಲಿ ಅದು 45.3 ಇತ್ತು. ಆರು ವರ್ಷದಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಇದು ಬರೀ ಓದಿನ ಲೆಕ್ಕ. ಮಾತು ಓದಿಗಿಂತಲೂ ಹಿಂದೆ ಉಳಿಯುತ್ತದೆ ಎಂಬುದು ಇಂಗ್ಲಿಷ್ ಕಲಿಸುವ ಎಲ್ಲರ ಅನುಭವ.

ಮಗು ಯಾಕೆ ಸುಮ್ಮನಿರುತ್ತದೆ? ಬುದ್ಧಿ ಸಾಲದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಂಗಳದಲ್ಲಿ ಮೂರು ಭಾಷೆ ಆಡಿದ ನಾಲಗೆ ಅದೇ ತಾನೇ! ಕಾರಣ ಹೆದರಿಕೆ. ತುಳುವಿನಲ್ಲಿ ಒಂದು ಮಾತು ತಪ್ಪಿದರೆ ಯಾರೂ ತಿರುಗಿ ನೋಡುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಪದ ಎಡವಿದರೆ ಇಡೀ ಕ್ಲಾಸು ನಗುತ್ತದೆ, ಆ ನಗು ಮಗುವಿನ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಇಂಗ್ಲಿಷ್ ಬಂದರೆ ಬುದ್ಧಿವಂತ, ಬಾರದಿದ್ದರೆ ದಡ್ಡ ಎಂದು ದೊಡ್ಡವರಾದ ನಾವೇ ಮನೆಯಲ್ಲಿ, ಬಸ್ಸಿನಲ್ಲಿ, ಮದುವೆ ಚಪ್ಪರದಲ್ಲಿ ಮಾತಾಡಿಕೊಳ್ಳುತ್ತೇವೆ. ಮಕ್ಕಳು ಅದನ್ನು ಕೇಳಿಸಿಕೊಂಡಿರುತ್ತಾರೆ.

ಇನ್ನೊಂದು ಕಾರಣ ನಮ್ಮ ಅವಸರ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಮಾತುಕತೆಯನ್ನು ಧ್ವನಿಮುದ್ರಿಸಿ ಅಳೆದು ನೋಡಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡಿನಷ್ಟು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡಿದರು. ನಮ್ಮ ಕಡಬದ ಮಗು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿ, ಕನ್ನಡದಲ್ಲಿ ಹಿಡಿದು, ಕೆಲವೊಮ್ಮೆ ತುಳುವಿನಲ್ಲಿ ಯೋಚಿಸಿ, ಮತ್ತೆ ಇಂಗ್ಲಿಷಿಗೆ ಬರಬೇಕು. ಒಂದು ಸೆಕೆಂಡಿನಲ್ಲಿ ಅಷ್ಟು ದೂರ ಹೋಗಿ ಬರುವುದು ಹೇಗೆ?

ಡಿಜಿಟಲ್ ಆಟ ಉಪಯೋಗಕ್ಕೆ ಬರುವುದು ಈ ಜಾಗದಲ್ಲಿ. ಮಕ್ಕಳಿಗೆ ಖುಷಿ ಆಗಲಿ ಎಂಬುದಕ್ಕಿಂತ ದೊಡ್ಡ ಕೆಲಸ ಅದು ಮಾಡಬಲ್ಲದು. ತಪ್ಪಿಗೆ ತೆರಬೇಕಾದ ಬೆಲೆಯನ್ನು ಅದು ಇಳಿಸುತ್ತದೆ. ಎಲ್ಲ ಮಕ್ಕಳಿಂದಲೂ ಉತ್ತರ ಹೊರಡಿಸುತ್ತದೆ. ಯೋಚಿಸಲು ಹೊತ್ತು ಕೊಡುತ್ತದೆ, ಆದರೆ ಅಂಥ ಆಟವನ್ನೇ ನಾವು ಆರಿಸಿದರೆ ಮಾತ್ರ. ಆ ‘ಆದರೆ’ಯ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲು ಒಂದು ಆಟವನ್ನು ಹತ್ತಿರದಿಂದ ವಿವರಿಸುತ್ತೇನೆ. ಇದು ಕನ್ನಡ ಮಾಧ್ಯಮದ ನನ್ನ ಎಂಟನೆಯ ತರಗತಿಯಲ್ಲಿ ನಡೆಯುವಂಥದ್ದು. ಮಕ್ಕಳು ಶಾಲೆಗೆ ಫೋನ್ ತರುವಂತಿಲ್ಲ, ತರುವುದೂ ಬೇಡ. ಬೇಕಾದ್ದು ಟೀಚರ ಕೈಯಲ್ಲಿ ಒಂದು ಫೋನ್, ಮತ್ತೆ ಮಗುವಿಗೊಂದರಂತೆ ಕಾಗದದ ಕಾರ್ಡು. ಪ್ಲಿಕರ್ಸ್ ಎಂದು ಅದರ ಹೆಸರು. ಸಾಮಾನ್ಯ ಕಾಗದದಲ್ಲಿ ಪ್ರಿಂಟ್ ತೆಗೆದು ರಟ್ಟಿಗೆ ಅಂಟಿಸಿಕೊಂಡರೆ ಎರಡು ವರ್ಷಕ್ಕೂ ತೊಂದರೆಯಿಲ್ಲ. ಕಾರ್ಡಿನ ನಡುವೆ ಒಂದು ಕಪ್ಪು ಆಕಾರ, ಒಬ್ಬರದ್ದು ಇನ್ನೊಬ್ಬರ ಹಾಗೆ ಇಲ್ಲ. ಅದರ ನಾಲ್ಕು ಬದಿಗೆ ಎ, ಬಿ, ಸಿ, ಡಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಬೋರ್ಡಿನ ಮೇಲೆ ಪ್ರಶ್ನೆ, ನಾಲ್ಕು ಉತ್ತರ. ತನಗೆ ಸರಿ ಕಂಡ ಅಕ್ಷರ ಮೇಲೆ ಬರುವ ಹಾಗೆ ಮಗು ಕಾರ್ಡನ್ನು ತಿರುಗಿಸಿ ಹಿಡಿಯುತ್ತದೆ. ಟೀಚರು ಫೋನಿನ ಕ್ಯಾಮೆರಾವನ್ನು ಕ್ಲಾಸಿನ ಈ ಮೂಲೆಯಿಂದ ಆ ಮೂಲೆಗೆ ಒಮ್ಮೆ ತಿರುಗಿಸಿದರೆ ಮುಗಿಯಿತು, ಯಾರು ಯಾವ ಉತ್ತರ ಕೊಟ್ಟರು ಎಂದು ಫೋನಿನಲ್ಲಿ ಮೂಡುತ್ತದೆ.

ಪಕ್ಕದವನ ಕಾರ್ಡು ನೋಡಿ ನಕಲು ಮಾಡಲಾಗುವುದಿಲ್ಲ, ಅವನ ಆಕಾರ ಬೇರೆ. ಅಕ್ಷರ ಸಣ್ಣದು, ದೂರದಿಂದ ಕಾಣುವುದಿಲ್ಲ. ತಪ್ಪು ಹೇಳಿದ್ದು ಯಾರು ಎಂದು ಕ್ಲಾಸಿಗೆ ತಿಳಿಯುವುದಿಲ್ಲ, ಟೀಚರಿಗೆ ಮಾತ್ರ ತಿಳಿಯುತ್ತದೆ. ಹಿಂದಿನ ಬೆಂಚಿನ ಹುಡುಗನ ಕೈಯೂ ಮುಂದಿನ ಬೆಂಚಿನವಳ ಕೈಯಷ್ಟೇ ಎತ್ತರದಲ್ಲಿರುತ್ತದೆ. ಕೈ ಎತ್ತದೆ ಉಳಿದವರು ಯಾರೂ ಇರುವುದಿಲ್ಲ.

ಇದೇ ಬಗೆಯ ಕಾರ್ಡಿನ ಆಟ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಕ್ವಿಝಿಝ್‌ನಲ್ಲೂ ಉಂಟು. ಅಂಕಿತ್ ಗುಪ್ತಾ ಮತ್ತು ದೀಪಕ್ ಜಾಯ್ ಚೀನತ್ ಎಂಬ ಇಬ್ಬರು 2015ರಲ್ಲಿ ಶುರು ಮಾಡಿದ್ದು. ಇಂದು ಜಗತ್ತಿನ ಎಷ್ಟೋ ದೇಶಗಳ ತರಗತಿಗಳಲ್ಲಿ ಆಡುತ್ತಾರೆ. 2025ರಲ್ಲಿ ಅದರ ಹೆಸರು ವೇಗ್ರೌಂಡ್ ಎಂದಾಯಿತು. ಮಕ್ಕಳ ಕೈಯಲ್ಲಿ ಸಾಧನ ಇಲ್ಲದ ಶಾಲೆಗಳಿಗಾಗಿ ಅವರು ಪೇಪರ್ ಮೋಡ್ ಎಂಬುದನ್ನು ಸೇರಿಸಿದರು. ಅಲ್ಲಿಯೂ ಕಾಗದದ ಕಾರ್ಡು, ಟೀಚರ ಒಂದು ಫೋನ್, ಅಷ್ಟೆ.

ಇಲ್ಲಿಯ ತನಕ ನಡೆದದ್ದು ಬರೀ ಕಾರ್ಡು ತಿರುಗಿಸುವ ಕೆಲಸ. ಮಾತು ಇನ್ನೂ ಬಂದಿಲ್ಲ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಸರಿ ಉತ್ತರ ತೋರಿಸಿ, ಚಪ್ಪಾಳೆ ತಟ್ಟಿಸಿ, ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಹಾಗೆ ಮಾಡಿದರೆ ಆಟದ ಹೆಚ್ಚಿನ ಫಲವೆಲ್ಲ ವ್ಯರ್ಥ. ನಾನು ಸರಿ ಉತ್ತರ ತೋರಿಸುವುದಿಲ್ಲ. ಅರ್ಧದಷ್ಟು ಜನ ಎ ಅಂದಿದ್ದೀರಿ, ಉಳಿದ ಅರ್ಧ ಸಿ ಅಂದಿದ್ದೀರಿ, ಪಕ್ಕದವರ ಹತ್ತಿರ ಮಾತಾಡಿ ನೋಡಿ ಎನ್ನುತ್ತೇನೆ. ಹಾರ್ವರ್ಡಿನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಝೂರ್ 1990ರ ದಶಕದಲ್ಲಿ ತಮ್ಮ ವಿದ್ಯಾರ್ಥಿಗಳ ಮೇಲೆ ಪ್ರಯೋಗಿಸಿ ಬೆಳೆಸಿದ ಕ್ರಮ ಇದು. ಮೊದಲು ಒಬ್ಬೊಬ್ಬರೇ ಉತ್ತರಿಸುವುದು, ಆಮೇಲೆ ಜೊತೆಯವರೊಡನೆ ವಾದ, ಆಮೇಲೆ ಎರಡನೆಯ ಸಲ ಉತ್ತರ. ಭಾಷೆಯ ತರಗತಿಗೆ ಇದು ಭೌತಶಾಸ್ತ್ರಕ್ಕಿಂತಲೂ ಹೆಚ್ಚು ಹೊಂದುತ್ತದೆ, ಯಾಕೆಂದರೆ ಇಲ್ಲಿ ವಾದವೇ ಪಾಠ.

ಆ ಎರಡು ನಿಮಿಷ ಕ್ಲಾಸಿನಲ್ಲಿ ಗದ್ದಲ. ವಾದ ನಡೆಯುವುದು ತುಳುವಿನಲ್ಲಿ, ಕನ್ನಡದಲ್ಲಿ. ನಡೆಯಲಿ. ‘ವೆಂಟ್’ ಯಾಕೆ, ‘ಗೋಸ್’ ಯಾಕಾಗದು ಎಂದು ಒಬ್ಬ ತುಳುವಿನಲ್ಲಿ ಸಮರ್ಥಿಸಿಕೊಂಡರೆ ಅವನಿಗೆ ಇಂಗ್ಲಿಷ್ ಕಾಲಸೂಚಕದ ಒಳಗುಟ್ಟು ತಿಳಿದಿದೆ ಎಂದೇ ಅರ್ಥ. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಕೂಡ ಮಗುವಿನ ಮನೆಮಾತುಗಳನ್ನು ತರಗತಿಯ ಸಂಪತ್ತೆಂದೇ ಕಂಡಿತು. ಇಂಗ್ಲಿಷ್ ಪೀರಿಯಡ್‌ನಲ್ಲಿ ತುಳು ಆಡಿದರೆ ದಂಡ ಹಾಕುವ ಪದ್ಧತಿ ಕೆಲವೆಡೆ ಈಗಲೂ ಇದೆ. ಅದು ನಿಲ್ಲಬೇಕು. ಮನೆಮಾತಿನ ಬಾಯಿ ಮುಚ್ಚಿಸಿ ಇನ್ನೊಂದು ಭಾಷೆಯ ಬಾಯಿ ತೆರೆಸಲು ಆಗುವುದಿಲ್ಲ.

ಇನ್ನು ಮಾತು ಬರುವ ಆಟಕ್ಕೆ ಬರುತ್ತೇನೆ. ನನಗೆ ಅತ್ಯಂತ ಪ್ರಿಯವಾದದ್ದು ಇದು. ಇಂಟರ್ನೆಟ್ ಬೇಡ. ಒಂದು ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಇಲ್ಲವೇ ಶಾಲೆಯ ಟಿವಿ ಸಾಕು. ಪರದೆಯಲ್ಲಿ ಒಂದು ಫೋಟೋ, ಅದರ ಮೇಲೆ ಬಣ್ಣದ ಚೌಕಗಳನ್ನು ಮುಚ್ಚಿಟ್ಟಿರುತ್ತೇನೆ. ಒಂದೊಂದೇ ಚೌಕ ತೆಗೆಯುತ್ತ ಹೋದಂತೆ ಫೋಟೋ ಸ್ವಲ್ಪ ಸ್ವಲ್ಪವೇ ಕಾಣುತ್ತದೆ. ಮಕ್ಕಳು ಇಂಗ್ಲಿಷಿನಲ್ಲಿ ಊಹಿಸಬೇಕು, ಪ್ರಶ್ನೆ ಕೇಳಬೇಕು. ಫೋಟೋಗಳನ್ನು ನಮ್ಮ ಊರಿನದ್ದೇ ಆರಿಸುತ್ತೇನೆ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ. ಹಾಳೆಯ ಮುಟ್ಟಾಳೆ. ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪಿಗೆ ಇಳಿಯುವ ಬಿಳಿ ಹಾಲು. ಕುಕ್ಕೆಯ ಸ್ನಾನಘಟ್ಟದಲ್ಲಿ ತುಂಬಿ ಹರಿಯುವ ಕುಮಾರಧಾರೆ. ಇಂಗ್ಲಿಷ್ ಪಠ್ಯಪುಸ್ತಕ ಯಾವ ಊರಿನ ಚಿತ್ರವನ್ನಾದರೂ ಕೊಡಲಿ, ಮಾತಾಡಲು ಮಗುವಿಗೆ ತನ್ನ ಕಣ್ಣಿಗೆ ಕಂಡದ್ದು ಬೇಕು. ಹೇಳಲು ವಿಷಯ ಇದ್ದವನಿಗೆ ಪದ ಹುಡುಕುವ ತುರ್ತು ಬರುತ್ತದೆ.

ಒಮ್ಮೆ ಹೊಸ್ಮಠದ ಹಳೆಯ ಮುಳುಗು ಸೇತುವೆಯ ಮಳೆಗಾಲದ ಫೋಟೋ ಹಾಕಿದ್ದೆ. ಹೊಸ ಸೇತುವೆ ಬರುವ ಮೊದಲು ಉಪ್ಪಿನಂಗಡಿ–ಕಡಬ ದಾರಿಯ ಬಸ್ಸುಗಳು ಅಲ್ಲಿ ನೀರು ಇಳಿಯುವ ತನಕ ಕಾದು ನಿಲ್ಲುತ್ತಿದ್ದದ್ದು ಈ ಭಾಗದ ಎಲ್ಲರಿಗೂ ನೆನಪಿದೆ. ಚೌಕಗಳು ಸರಿದವು. ಮೊದಲು ಕೆಂಪು ನೀರು, ಆಮೇಲೆ ಕೊಡೆ ಹಿಡಿದ ನಾಲ್ಕು ಜನ, ಆಮೇಲೆ ಬಸ್ಸಿನ ಮೂತಿ. ‘ರಿವರ್’ ಎಂದ ಒಬ್ಬ. ‘ಫ್ಲಡ್’ ಎಂದಳು ಇನ್ನೊಬ್ಬಳು. ಬಸ್ಸು ಯಾಕೆ ನಿಂತಿದೆ ಎಂದು ಇಂಗ್ಲಿಷಿನಲ್ಲಿ ಕೇಳಿ ನಾನು ಸುಮ್ಮನಾದೆ. ಹಿಂದಿನ ಬೆಂಚಿನಿಂದ, ಅಷ್ಟರ ತನಕ ನನ್ನ ಪೀರಿಯಡ್‌ನಲ್ಲಿ ಸ್ವರವೇ ಎತ್ತದಿದ್ದ ಹುಡುಗಿಯೊಬ್ಬಳು ಹೇಳಿದಳು: ‘ಟೀಚರ್, ಬ್ರಿಡ್ಜ್ ನಾಟ್ ದೇರ್, ವಾಟರ್ ಓನ್ಲಿ.’

ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಪರದೆಯ ಮೇಲಿತ್ತು, ಅವಳ ಮೇಲಿರಲಿಲ್ಲ. ಅವಳ ಮಾತು ಒಂದು ಸುಳಿವಾಗಿ ಎಲ್ಲರಿಗೂ ಬೇಕಾಗಿತ್ತು. ‘ಬ್ರಿಡ್ಜ್ ಈಸ್ ದೇರ್, ಅಂಡರ್ ವಾಟರ್’ ಎಂದು ಮುಂದಿನವನು ಸೇರಿಸಿದ. ‘ಯೆಸ್, ಅಂಡರ್ ವಾಟರ್, ಬಸ್ ವೆಯ್ಟಿಂಗ್’ ಎಂದು ಅವಳೇ ಮುಂದುವರಿಸಿದಳು. ಹತ್ತು ನಿಮಿಷದೊಳಗೆ ಬೋರ್ಡಿನ ಮೇಲೆ ಒಂದು ಪ್ಯಾರಾ ಆಯಿತು, ಪೂರ್ತಿ ಮಕ್ಕಳದ್ದೇ. ವ್ಯಾಕರಣ ಸರಿಪಡಿಸಿದ್ದು ಕೊನೆಗೆ, ಎಲ್ಲರೂ ಸೇರಿ, ಯಾರ ತಪ್ಪೆಂದು ಹೇಳದೆ. ಅಂದಿನಿಂದ ಆ ಹುಡುಗಿ ಮಾತಾಡದ ದಿನ ಕಡಿಮೆ.

ನಮ್ಮ ಈ ಭಾಗದ ಮಕ್ಕಳು ತಾಳಮದ್ದಳೆ ಕೇಳಿ ಬೆಳೆದವರು. ಭಾಗವತರು ಪದ್ಯ ಹೇಳಿ ನಿಲ್ಲಿಸುತ್ತಾರೆ, ಅರ್ಥಧಾರಿಯ ಮಾತು ಅಲ್ಲಿಂದ ಅವನದ್ದೇ; ಬರೆದುಕೊಟ್ಟ ಸಂಭಾಷಣೆ ಇಲ್ಲ, ಎದುರಿನವನು ಏನು ಕೇಳುತ್ತಾನೋ ಅದಕ್ಕೆ ಅಲ್ಲಿಯೇ ಉತ್ತರ ಹುಟ್ಟಬೇಕು. ತರಗತಿಯ ಡಿಜಿಟಲ್ ಆಟ ಆ ಪದ್ಯದ ಹಾಗೆ ಇರಬೇಕು. ಅದು ಎಡೆ ಮಾಡಿಕೊಟ್ಟು ನಿಲ್ಲಬೇಕು, ಅರ್ಥ ಹೇಳುವುದು ಮಗುವಿಗೆ ಬಿಟ್ಟದ್ದು.

ಆಟಗಳಲ್ಲಿ ಎಲ್ಲವೂ ಒಂದೇ ತೆರನಲ್ಲ. ಈಗ ಆ ‘ಆದರೆ’ಗೆ ಬರುತ್ತೇನೆ. ಕಹೂಟ್ ಎಂಬ ನಾರ್ವೆ ದೇಶದ ಆಟ 2013ರಿಂದ ಜಗತ್ತಿನೆಲ್ಲೆಡೆ ಹರಡಿತು. ಪರದೆಯಲ್ಲಿ ಪ್ರಶ್ನೆ, ಗಡಿಯಾರದ ಓಟ, ಸಂಗೀತ, ಬೇಗ ಒತ್ತಿದವರಿಗೆ ಹೆಚ್ಚು ಅಂಕ, ಕೊನೆಗೆ ಗೆದ್ದವರ ಹೆಸರು. ಆ ಆಟದ ಮೂಲ ಕಲ್ಪನೆಯನ್ನು ಕೊಟ್ಟ ಪ್ರಾಧ್ಯಾಪಕ ಆಲ್ಫ್ ಇಂಗೆ ವಾಂಗ್ ಅವರೇ ಸಹಲೇಖಕಿಯೊಬ್ಬರ ಜೊತೆ 2020ರಲ್ಲಿ 93 ಅಧ್ಯಯನಗಳನ್ನು ಒಟ್ಟು ಮಾಡಿ ಪರಿಶೀಲಿಸಿದರು. ಕಲಿಕೆಗೂ ತರಗತಿಯ ಲವಲವಿಕೆಗೂ ಒಳ್ಳೆಯದಾಗಿದೆ, ಮಕ್ಕಳ ಆತಂಕ ಕಡಿಮೆಯಾಗಿದೆ ಎಂದು ಕಂಡಿತು. ಜೊತೆಗೆ ಮಕ್ಕಳು ಹೇಳಿದ ತೊಂದರೆಗಳನ್ನೂ ಅವರು ಬಚ್ಚಿಡಲಿಲ್ಲ: ನೆಟ್‌ವರ್ಕ್ ಕೈಕೊಡುವುದು, ಓದಿ ಮುಗಿಸುವಷ್ಟು ಹೊತ್ತು ಸಾಲದಿರುವುದು, ಒತ್ತಿದ ಉತ್ತರ ಬದಲಿಸಲಾಗದಿರುವುದು, ಸೋಲುವ ಹೆದರಿಕೆ. ಈ ಪಟ್ಟಿ ನಮ್ಮ ಮಕ್ಕಳನ್ನೇ ನೋಡಿ ಬರೆದಂತಿದೆ. ನಿಧಾನವಾಗಿ ಓದುವ ಮಗುವಿನ ಎದುರು ಗಡಿಯಾರ ಓಡಿಸಿದರೆ ಹಳೆಯ ಹೆದರಿಕೆಯೇ ಹೊಸ ಬಣ್ಣ ಹಚ್ಚಿಕೊಂಡು ಬರುತ್ತದೆ. ಗಡಿಯಾರ ನಿಲ್ಲಿಸುವ, ಅಂಕಪಟ್ಟಿ ಮರೆಮಾಡುವ, ಒಬ್ಬೊಬ್ಬರ ಬದಲು ಗುಂಪಾಗಿ ಆಡಿಸುವ ಅನುಕೂಲ ಇಂಥ ಹೆಚ್ಚಿನ ಆಟಗಳಲ್ಲಿ ಇದೆ. ಶಿಕ್ಷಕರು ಅದನ್ನು ಹುಡುಕಿ ಬಳಸಬೇಕು.

ಸ್ಪರ್ಧೆ ಕಲಿಕೆಗೆ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲೇ ಒಂದು ಒಳ್ಳೆಯ ಪರೀಕ್ಷೆ ನಡೆದಿದೆ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಪ್ರಯೋಗಾಲಯದಲ್ಲಿ ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್, ಕೆಂಟಾರೊ ತೊಯಾಮ ಮೊದಲಾದವರು ಹಳ್ಳಿಯ ಸರಕಾರಿ ಶಾಲೆಗಳನ್ನು ನೋಡುತ್ತಿದ್ದರು. ಒಂದು ಕಂಪ್ಯೂಟರಿನ ಸುತ್ತ ಐದಾರು ಮಕ್ಕಳು. ಮೌಸ್ ಮಾತ್ರ ಒಬ್ಬನ ಕೈಯಲ್ಲಿ, ಸಾಮಾನ್ಯವಾಗಿ ಜೋರು ಹುಡುಗನ ಕೈಯಲ್ಲಿ. ಒಂದೇ ಕಂಪ್ಯೂಟರಿಗೆ ಐದು ಮೌಸ್ ಜೋಡಿಸಿದರೆ ಹೇಗೆ ಎಂದು ಅವರು ಯೋಚಿಸಿದರು. ಪರದೆಯಲ್ಲಿ ಐದು ಬಣ್ಣದ ಬಾಣ, ಮಗುವಿಗೊಂದು. 11–12 ವಯಸ್ಸಿನ 238 ಮಕ್ಕಳಿಗೆ ಪದಗಳನ್ನು ಕಲಿಸುವ ಆಟ ಕೊಟ್ಟು ನೋಡಿದರು, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಬಗೆಯ ಆಟದಲ್ಲಿ ಯಾರು ಮೊದಲು ಒತ್ತಿದರೂ ಪರದೆ ಮುಂದೆ ಹೋಗುತ್ತಿತ್ತು. ಇನ್ನೊಂದರಲ್ಲಿ ಎಲ್ಲರೂ ಒಪ್ಪಿ ಒತ್ತಿದ ಮೇಲೆಯೇ ಮುಂದೆ. ಎಲ್ಲರೂ ಒಪ್ಪಬೇಕಾದ ಆಟದಲ್ಲಿ ಐದು ಮಕ್ಕಳು ಒಂದು ಕಂಪ್ಯೂಟರ್ ಹಂಚಿಕೊಂಡು ಕಲಿತದ್ದು, ಮಗುವಿಗೊಂದು ಕಂಪ್ಯೂಟರ್ ಇದ್ದಾಗ ಕಲಿತದ್ದಕ್ಕೆ ಸರಿಸಮ. ಓಟದ ಆಟದಲ್ಲಿ, ಮುಖ್ಯವಾಗಿ ಹುಡುಗರು ಸೇರಿದ ಗುಂಪುಗಳಲ್ಲಿ, ಒತ್ತುವ ಭರವೇ ಹೆಚ್ಚಾಯಿತು.

ಕೇಳುಗರೇ, ಈ ಒಂದು ಸಂಗತಿಯನ್ನು ನಾನು ಬಹಳ ದೊಡ್ಡದೆಂದು ತಿಳಿದಿದ್ದೇನೆ. ಯಂತ್ರ ಅದೇ, ಮಕ್ಕಳು ಅಂಥವರೇ, ಪದಗಳೂ ಅಂಥವೇ; ಬದಲಾದದ್ದು ಆಟದ ನಿಯಮ ಒಂದೇ. ನಿಯಮ ಮಾಡುವ ಅಧಿಕಾರ ತರಗತಿಯಲ್ಲಿ ಟೀಚರ ಕೈಯಲ್ಲಿದೆ. ಆಟ ಸುಮ್ಮನೆ ಹಾಕಿ ಕುರ್ಚಿಯಲ್ಲಿ ಕೂರುವವರಿಗೆ ಅದರಿಂದ ಏನೂ ಸಿಗದು.

ನಮಗೆ ಆಟದಿಂದ ಕಲಿಸುವುದು ಹೊಸತಲ್ಲ. ಇಲ್ಲಿಂದ ಹತ್ತಿರದಲ್ಲೇ ಪುತ್ತೂರಿನ ಪರ್ಲಡ್ಕದಲ್ಲಿ ಶಿವರಾಮ ಕಾರಂತರ ಬಾಲವನ ಇದೆ. ಬೆತ್ತದ ಹೆದರಿಕೆಯಿಲ್ಲದೆ, ಆಟ, ನಾಟಕ, ತಿರುಗಾಟದ ನಡುವೆ ಮಕ್ಕಳು ಕಲಿಯಬೇಕೆಂದು ಅವರು ಅಲ್ಲಿ ಪ್ರಯೋಗ ಮಾಡಿದರು; ಮಕ್ಕಳಿಗಾಗಿ ಬಾಲಪ್ರಪಂಚದ ಮೂರು ಸಂಪುಟಗಳನ್ನು 1936ರಲ್ಲಿ ಬರೆದುಕೊಟ್ಟರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಕ್ರಮವನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರು ಮಾಡಿದರು. ಮುಂದೆ ಅದು ರಾಜ್ಯದ ಎಲ್ಲ ಸರಕಾರಿ ಶಾಲೆಗಳ ಸಣ್ಣ ತರಗತಿಗಳಿಗೂ ಬಂತು. ಅಲ್ಲಿ ಪಾಠ ನಡೆಯುವುದು ಕಾರ್ಡು, ಹಾಡು, ಗುಂಪು, ಕಲಿಕೆಯ ಮೆಟ್ಟಿಲುಗಳಲ್ಲಿ. ನಲಿ-ಕಲಿಯಲ್ಲಿ ಗಳಗಳನೆ ಮಾತಾಡಿದ ಮಗು ಮೂರನೆಯ ತರಗತಿ ದಾಟಿದ ಮೇಲೆ ಬೆಂಚಿನಲ್ಲಿ ಕೈಕಟ್ಟಿ ಕೂರುವಂತಾಗುವುದು ನನಗೆ ಬೇಸರದ ವಿಷಯ. ದೊಡ್ಡ ತರಗತಿಗೆ ಬಂದ ಕೂಡಲೇ ಆಟ ಮುಗಿಯಿತು ಎಂದು ಯಾರು ನಿರ್ಧರಿಸಿದರು?

ಹೊರಗಿನಿಂದ ಬಂದ ಆಟವನ್ನು ಹಾಗೇ ತಂದು ಹಾಕಿದರೂ ನಡೆಯುವುದಿಲ್ಲ. ಅಮೆರಿಕದ ಬರ್ಕ್ಲಿಯಲ್ಲಿದ್ದ ಮ್ಯಾಥ್ಯೂ ಕ್ಯಾಮ್ ಎಂಬ ಸಂಶೋಧಕರು ಉತ್ತರ ಪ್ರದೇಶದ ಹಳ್ಳಿ ಮಕ್ಕಳಿಗಾಗಿ ಫೋನಿನಲ್ಲಿ ಇಂಗ್ಲಿಷ್ ಕಲಿಸುವ ಆಟಗಳನ್ನು ಮಾಡಿಕೊಟ್ಟರು. ಮೊದಲ ಆಟಗಳು ಮಕ್ಕಳಿಗೆ ಅಷ್ಟಾಗಿ ಒಗ್ಗಲಿಲ್ಲ, ಪಾಶ್ಚಾತ್ಯ ವಿಡಿಯೊ ಗೇಮಿನ ರೂಢಿಗಳು ಅವರಿಗೆ ಅಪರಿಚಿತ. ಆಗ ಅವರ ತಂಡ ಹಳ್ಳಿಯ ಸಾಂಪ್ರದಾಯಿಕ ಆಟಗಳನ್ನೇ ಕೂತು ಅಧ್ಯಯನ ಮಾಡಿ, ಅವುಗಳ ನಿಯಮಗಳನ್ನು ಫೋನಿನ ಆಟಗಳಿಗೆ ತಂದಿತು. ನಮ್ಮಲ್ಲಿ ಆಟಿ ತಿಂಗಳ ಮಳೆಯಲ್ಲಿ ಆಡುವ ಚೆನ್ನೆಮಣೆ ಇದೆ, ಲಗೋರಿ ಇದೆ, ಕುಂಟೆಬಿಲ್ಲೆ ಇದೆ. ಹದಿನಾಲ್ಕು ಗುಳಿಯ ಚೆನ್ನೆಮಣೆಯ ನಿಯಮದಲ್ಲಿ ಇಂಗ್ಲಿಷ್ ಪದಗಳ ಒಂದು ಆಟವನ್ನು ನಮ್ಮ ಕಾಲೇಜುಗಳ ಕಂಪ್ಯೂಟರ್ ವಿದ್ಯಾರ್ಥಿಗಳು ಮಾಡಿಕೊಟ್ಟರೆ ಎಷ್ಟು ಚಂದ!

ಅಡ್ಡಿಗಳೂ ಇವೆ, ಅವನ್ನು ಮುಚ್ಚಿಡುವುದಿಲ್ಲ. ಈ ಶತಮಾನದ ಆರಂಭದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಆಧಾರಿತ ಕಲಿಕೆಗೆ ಕೈಹಾಕಿ, ಪಾಠಗಳನ್ನು ಆಟದ ರೂಪದಲ್ಲಿ ಸಿ.ಡಿ.ಗಳಲ್ಲಿ ತಂದಿತು. ಕೆಲವು ವರ್ಷಗಳ ಅನುಭವದ ಮೇಲೆ, ತಂತ್ರಜ್ಞಾನ ತಾನಾಗಿಯೇ ಶಾಲೆಯನ್ನು ಸುಧಾರಿಸದು ಎಂಬ ನಿಲುವಿಗೆ ಬಂದು ಆ ಕೆಲಸ ನಿಲ್ಲಿಸಿ ಶಿಕ್ಷಕರ ಜೊತೆಗಿನ ಕೆಲಸಕ್ಕೆ ಹೊರಳಿತು. ಸಿ.ಡಿ. ಹಾಕಿ ಮಕ್ಕಳನ್ನು ಬಿಟ್ಟರೆ ಕಲಿಕೆ ಆಗುವುದಿಲ್ಲ ಎಂಬುದು ಅಲ್ಲಿಂದ ನಮಗೆ ಸಿಕ್ಕ ಪಾಠ.

ನೆಟ್‌ವರ್ಕಿನ ಸಂಗತಿಯಂತೂ ನಿಮಗೆಲ್ಲ ಗೊತ್ತು. 2021ರ ಜೂನಿನಲ್ಲಿ ಗುತ್ತಿಗಾರಿನ ಬಳ್ಳಕ್ಕದಲ್ಲಿ ಸುರಿಯುವ ಮಳೆಗೆ ರಸ್ತೆ ಬದಿಯಲ್ಲಿ ಕೂತು ಹುಡುಗಿಯೊಬ್ಬಳು ಆನ್‌ಲೈನ್ ಪಾಠ ಕೇಳುತ್ತಿದ್ದಳು. ತಂದೆ ಕೊಡೆ ಹಿಡಿದು ನಿಂತಿದ್ದರು. ಆ ಫೋಟೋ ದೇಶವೆಲ್ಲ ಓಡಾಡಿತು. ಇಲ್ಲಿ ಈಗಲೂ ಗಾಳಿಮಳೆ ಬಂದರೆ ಕರೆಂಟು ಹೋಗುತ್ತದೆ, ಕರೆಂಟಿನ ಹಿಂದೆಯೇ ಟವರೂ ಹೋಗುತ್ತದೆ. ಹಾಗಾಗಿ ಇಂಟರ್ನೆಟ್ ಇಲ್ಲದೆ ನಡೆಯುವ ಆಟಗಳನ್ನು ಕೈಯಲ್ಲಿ ಇಟ್ಟುಕೊಂಡಿರಬೇಕು. ಜಿಕಾಂಪ್ರಿ, ಕೆಹ್ಯಾಂಗ್‌ಮನ್‌ನಂಥ ಸ್ವತಂತ್ರ ತಂತ್ರಾಂಶಗಳು ಉಚಿತ, ಒಮ್ಮೆ ಹಾಕಿಕೊಂಡರೆ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತವೆ, ಜಾಹೀರಾತು ಇಲ್ಲ. ಜಾಹೀರಾತು ತುಂಬಿದ ಆಟಗಳನ್ನು ಮಕ್ಕಳ ಮುಂದೆ ತೆರೆಯಲೇಬಾರದು.

ಫೋನಿಗೆ ಅಂಟಿಕೊಂಡ ಮಕ್ಕಳಿಗೆ ಶಾಲೆಯಲ್ಲೂ ಪರದೆಯೇ ಎಂದು ಪೋಷಕರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಅಸರ್‌ನ 2024ರ ವರದಿಯಲ್ಲಿ 14ರಿಂದ 16 ವರ್ಷದ ಗ್ರಾಮೀಣ ಮಕ್ಕಳಲ್ಲಿ ಶೇಕಡ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ಒಂದು ವಾರದಲ್ಲಿ ಓದಿಗೆ ಬಳಸಿದವರು ಶೇಕಡ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇಕಡ 76. ಫೋನು ಮನೆಗೆ ಬಂದಾಗಿದೆ, ಅದನ್ನು ಹೇಗೆ ಬಳಸಬೇಕೆಂದು ತೋರಿಸುವವರು ಬೇಕಾಗಿದ್ದಾರೆ. ನಾನು ಹೇಳಿದ ಆಟಗಳಲ್ಲಿ ಪರದೆ ಕ್ಲಾಸಿಗೆಲ್ಲ ಒಂದೇ, ಹತ್ತು ಹದಿನೈದು ನಿಮಿಷ ಮಾತ್ರ, ಮತ್ತೆ ಮಕ್ಕಳು ನೋಡುವುದು ಒಬ್ಬರ ಮುಖ ಒಬ್ಬರು. ವಾರಕ್ಕೆ ಎರಡು ಸಲ ಸಾಕು. ದಿನವೂ ಆದರೆ ಆಟಕ್ಕೂ ರುಚಿ ಇರುವುದಿಲ್ಲ.

ಬಾನುಲಿಯಲ್ಲಿ ಮಾತಾಡುತ್ತಿರುವಾಗ ಬಾನುಲಿಯ ಋಣವನ್ನೂ ನೆನೆಯಬೇಕು. ತರಗತಿಯ ಮಕ್ಕಳನ್ನು ಬಹಳ ಹಿಂದೆಯೇ ಮಾತಾಡಿಸಿದ ಯಂತ್ರ ಇದೇ ಪೆಟ್ಟಿಗೆ. 1970ರ ದಶಕದಲ್ಲಿ ನಿಕರಾಗುವದ ಮಕ್ಕಳಿಗೆ ರೇಡಿಯೊದಲ್ಲಿ ಗಣಿತ ಕಲಿಸುವಾಗ, ಪ್ರಶ್ನೆ ಕೇಳಿದ ಮೇಲೆ ಮಕ್ಕಳು ಗಟ್ಟಿಯಾಗಿ ಉತ್ತರ ಹೇಳಲೆಂದು ನಡುವೆ ಬೇಕೆಂದೇ ಮೌನ ಬಿಡುವ ಕ್ರಮ ಬೆಳೆಯಿತು. 1980ರ ದಶಕದ ಆರಂಭದಲ್ಲಿ ಕೀನ್ಯಾ ದೇಶದಲ್ಲಿ ಅದೇ ಕ್ರಮದಿಂದ ಇಂಗ್ಲಿಷ್ ಕಲಿಸಿದರು. ನಮ್ಮ ರಾಜ್ಯದ ಶಾಲೆಗಳೂ ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಎಂಬ ಬಾನುಲಿ ಕಾರ್ಯಕ್ರಮಗಳನ್ನು ಕೇಳಿವೆ. ರೇಡಿಯೊದ ಸ್ವರ ಪ್ರಶ್ನೆ ಕೇಳಿ ಕಾಯುತ್ತದೆ, ಇಡೀ ತರಗತಿ ಒಟ್ಟಿಗೆ ಉತ್ತರ ಹೇಳುತ್ತದೆ. ತಪ್ಪಿದರೆ ರೇಡಿಯೊ ಬೈಯುವುದಿಲ್ಲ. ಸಹ ಶಿಕ್ಷಕರಿಗೆ ನಾನು ಹೇಳುವುದಿಷ್ಟು: ಬೇರೆ ಯಾವ ಸಾಧನವೂ ನಿಮ್ಮ ಶಾಲೆಯಲ್ಲಿ ಇಲ್ಲದಿದ್ದರೆ ಆ ಮೌನವನ್ನಾದರೂ ಕಲಿಯಿರಿ.

ಕೊನೆಯದಾಗಿ ನಿಮ್ಮಲ್ಲಿ ಕೆಲವು ಕೋರಿಕೆ. ಹಳೆ ವಿದ್ಯಾರ್ಥಿಗಳೇ, ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದು ಊರಿನ ಶಾಲೆಗೆ ಏನಾದರೂ ಕೊಡಬೇಕೆಂದು ಯೋಚಿಸುತ್ತೀರಿ. ಗೇಟಿಗೆ ಹೆಸರು ಕೆತ್ತಿಸುವ ಮೊದಲು ನಿಮ್ಮ ಕಪಾಟಿನಲ್ಲಿ ಸುಮ್ಮನೆ ಬಿದ್ದಿರುವ ಲ್ಯಾಪ್‌ಟಾಪನ್ನು ಸರಿಮಾಡಿಸಿ ತಂದುಕೊಡಿ, ಜೊತೆಗೆ ಒಂದು ಒಳ್ಳೆಯ ಸ್ಪೀಕರ್. ಶಾಲಾಭಿವೃದ್ಧಿ ಸಮಿತಿಯವರೇ, ಪ್ರೊಜೆಕ್ಟರನ್ನು ಆಫೀಸಿನ ಬೀರುವಿನಿಂದ ತರಗತಿಗೆ ತನ್ನಿ. ಹಾಳಾದರೆ ಯಾರು ಹೊಣೆ ಎಂಬ ಹೆದರಿಕೆಯಿಂದಲೇ ಎಷ್ಟೋ ಕಡೆ ಅದು ಪೆಟ್ಟಿಗೆಯಿಂದ ಹೊರಬಂದಿಲ್ಲ. ಪೋಷಕರೇ, ಇವತ್ತು ಸಂಜೆ ಮಗು ಶಾಲೆಯಿಂದ ಬಂದಾಗ ಎಷ್ಟು ಮಾರ್ಕು ಎಂದು ಕೇಳಬೇಡಿ. ಇಂಗ್ಲಿಷ್ ಕ್ಲಾಸಿನಲ್ಲಿ ಇವತ್ತು ನೀನು ಏನು ಹೇಳಿದೆ ಎಂದು ಕೇಳಿ, ಅದು ತುಳುವಿನಲ್ಲಿ ವಿವರಿಸಿದರೂ ಪೂರ್ತಿ ಕೇಳಿ.